ಕಲ್ಲುಮಡ್ಡಿಗೆ ಒಂದು ಗಾಡಿ

ವಿಶ್ರಾಮಬಾಗದ ಮೂರನೆಯ ಮಹಡಿಯ ಮನೆಯಲ್ಲಿ ಒಂದು ಮುಂಜಾನೆ ಕಾಂಚನಾ ಚಹದ ಕಪ್ಪು ಕೆಳಗಿಟ್ಟು ಗಂಡನಿಗೆ ಹೇಳಿದಳು, "ಏನ್ರಿ, ನಾ ಒಂದು ಗಾಡಿ ತಗೋಬೇಕಂತ ಮಾಡೇನಿ."

ಗುರುಪಾದ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾರಿಗೆ?"

"ಯಾರಿಗಂದ್ರ? ನನಗ."

ಆಗ ತಲೆ ಎತ್ತಿದ. "ಎರಡೂ ಮೊಣಕಾಲು ಸವದಾವ. ಪಾವಟಿಗಿ ಇಳೀಬೇಕಂದ್ರ ನನ್ನ ಹೆಗಲ ಹಿಡೀತಿ. ಗಾಡಿ ತಗೊಂಡ ಏನ ಮಾಡ್ತಿ?"

"ಎರಡ ಗಾಲೀದಲ್ಲ, ನಾಲ್ಕ ಗಾಲೀದು. ಮೊನ್ನೆ ಪನ್ಹಾಳದ ಲಗ್ನದಾಗ ನೋಡಿದ್ವಲ್ಲ, ಅದು. ಹೊಸಾದು ಬ್ಯಾಡ, ನಮಗ ಆಗೂದೂ ಇಲ್ಲ. ಯಾರರೆ ಬಳಸಿ ಬಿಟ್ಟದ್ದು ಸಿಕ್ಕರ ಸಾಕು."

ಅದು ಎರಡು ಸಾವಿರದ ಹನ್ನೆರಡನೆಯ ಇಸವಿ. ಕಾಂಚನಾ ಟೆಲಿಫೋನ್ ಆಫೀಸಿನಿಂದ ನಿವೃತ್ತಳಾಗಿ ವರ್ಷ ತುಂಬಿರಲಿಲ್ಲ. ಅಣ್ಣನ ಮಗಳ ಮದುವೆ ಪನ್ಹಾಳದ ಬುಡದ ಒಂದು ರಿಸಾರ್ಟಿನಲ್ಲಿ ಆಗಿತ್ತು. ಊಟದ ಪೆಂಡಾಲಿನ ಹಿಂದೆ ಟೈರುಗಳನ್ನು ಹೂಳಿ ಮಾಡಿದ ಒಂದು ಸುತ್ತುದಾರಿ. ಅದರಲ್ಲಿ ಹುಡುಗರು ಬಲೂನಿನಂಥ ದಪ್ಪ ಗಾಲಿಯ ಗಾಡಿಗಳ ಮೇಲೆ ಕುದುರೆಯ ಮೇಲೆ ಕೂತಂತೆ ಕಾಲು ಆಚೆ ಈಚೆ ಹಾಕಿ ಕೂತು ಕೇಕೆ ಹಾಕುತ್ತಿದ್ದರು. ಗದ್ದಲ ಕಡಿಮೆಯಾದ ಮೇಲೆ ಕಾಂಚನಾ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತಾನೂ ಒಂದು ಸುತ್ತು ಹೋಗಿ ಬಂದಳು. ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಕಡ್ಡಿಯನ್ನು ಒತ್ತಿದರೆ ಗಾಡಿ ಮುಂದೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ನಿಂತಾಗ ಕಾಲು ಊರಬೇಕಾಗಿರಲಿಲ್ಲ, ಗಾಡಿ ವಾಲುತ್ತಲೂ ಇರಲಿಲ್ಲ. ಇಳಿದು ಬಂದವಳು ಮದುಮಗಳ ಆರತಿಗೆ ನಿಂತಾಗಲೂ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು.

ಗುರುಪಾದನಿಗೆ ಅದು ಮದುವೆಯ ಹುರುಪು ಎನಿಸಿತ್ತು. ಅದು ಎಷ್ಟು ಹಳೆಯದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಕಾಂಚನಾಳ ಅಪ್ಪ ಕಲ್ಲಯ್ಯ ಮಿರಜದಲ್ಲಿ ಅರಿವೆ ವ್ಯಾಪಾರ ಮಾಡುತ್ತಿದ್ದ. ಅಂಗಡಿ ಇರಲಿಲ್ಲ. ಪೇಟೆಯ ದೊಡ್ಡ ಅಂಗಡಿಗಳಿಂದ ಖಣ, ಸೀರೆ, ಧೋತರ, ಕೂಸುಗಳ ಕುಂಚಿಗೆಯ ಬಟ್ಟೆ ತಂದು, ಗಂಟು ಕಟ್ಟಿ, ಒಂದು ಬೂದು ಬಣ್ಣದ ತಟ್ಟಿನ, ಅಂದರೆ ಗಿಡ್ಡ ಕುದುರೆಯ, ಮೇಲೆ ಹೇರಿಕೊಂಡು ಮೂಡಣದ ಹಳ್ಳಿಗಳಿಗೆ ಹೋಗುತ್ತಿದ್ದ. ಲಿಂಗನೂರು ಅವನ ಕೊನೆಯ ಊರು. ಬಂಡಿಯ ರಸ್ತೆ ಸುತ್ತುಬಳಸು. ತಟ್ಟಿನ ದಾರಿ ಮಾಲಗಾವದ ಆಚೆ ಹೊಲಗಳನ್ನು ಬಿಟ್ಟು ಮಡ್ಡಿಯ ಮೇಲೆ ಹತ್ತಿ ನೇರ ಹೋಗುತ್ತಿತ್ತು. ಮಡ್ಡಿ ಎಂದರೆ ಬರೀ ಕಲ್ಲು, ಬಣಗುಡುವ ಹುಲ್ಲು, ನಡುನಡುವೆ ತಂಗಡಿಯ ಹಳದಿ ಹೂವು. ಉಳುವವರಿಲ್ಲ, ಬೇಲಿಯಿಲ್ಲ. ಕಣ್ಣು ಹೋದಷ್ಟು ದೂರ ಆಕಾಶ.

ಸಾಲಿ ಸೂಟಿಯ ದಿನಗಳಲ್ಲಿ ಕಲ್ಲಯ್ಯ ಮಗಳನ್ನು ಗಂಟಿನ ಮುಂದೆ ಕೂಡಿಸಿಕೊಂಡು ಹೋಗುತ್ತಿದ್ದ. ಮಡ್ಡಿ ಹತ್ತಿದ ಮೇಲೆ ತಾನು ಇಳಿದು, ಲಗಾಮು ಅವಳ ಕೈಗೆ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು ಹಿಂದೆ ನಡೆಯುತ್ತಿದ್ದ.

"ಈಗ ನೀ ನಡಸು," ಎನ್ನುತ್ತಿದ್ದ. "ದಾರಿ ತಟ್ಟಿಗೆ ಗೊತ್ತೈತಿ, ಖರೆ. ಆದ್ರೂ ನೀ ನಡಸು."

ಅವಳಿಗೆ ಹನ್ನೆರಡು ತುಂಬಿದ ವರ್ಷ, ಸೂಟಿಯ ಮೊದಲ ಗುರುವಾರ, ಎದ್ದು ನೋಡುವಾಗ ತಟ್ಟು ಹೋಗಿಬಿಟ್ಟಿತ್ತು. "ಇನ್ನ ಸಾಕು, ದೊಡ್ಡಾಕಿ ಆದಿ," ಎಂದಳು ಅವ್ವ. ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಅಪ್ಪ ಸಂಜೆ ಬಂದವನು ಅವಳ ಮುಖ ನೋಡದೆ ಕಾಲು ತೊಳೆದುಕೊಂಡ. ಮುಂದೆ ಲಿಂಗನೂರಿಗೆ ಎಸ್.ಟಿ. ಬಸ್ಸು ಬಂತು, ತಟ್ಟು ಮಾರಿ ಹೋಯಿತು. ಆ ಮಾತನ್ನು ಅವಳು ಅಪ್ಪನ ಹತ್ತಿರ ಎಂದೂ ಎತ್ತಲಿಲ್ಲ.

ಮ್ಯಾಟ್ರಿಕ್ ಆದ ಮೇಲೆ ಸಾಂಗಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಸಿಕ್ಕಿತು. ಕಿವಿಗೆ ಹೆಡ್‌ಫೋನ್, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ವಯರು. ಲಿಂಗನೂರಿನಲ್ಲಿ ಆಗ ಇದ್ದದ್ದು ಒಂದೇ ಫೋನು, ಪೋಸ್ಟಿನದು. ಅಲ್ಲಿಗೆ ಕಾಲ್ ಜೋಡಿಸಿಕೊಟ್ಟ ಮೇಲೂ ಕಾಂಚನಾ ಒಂದು ಕ್ಷಣ ಲೈನು ಬಿಡುತ್ತಿರಲಿಲ್ಲ. ಮಾತು ಕೇಳಲಿಕ್ಕಲ್ಲ. ಮಾತಿನ ಹಿಂದೆ ಗಾಳಿಯ ಸದ್ದು, ದೂರದಲ್ಲಿ ಕುರಿ ಒದರುವ ಸದ್ದು ಬರುತ್ತಿತ್ತು.

ಗುರುಪಾದ ಸಾಂಗಲಿಯ ಅರಿಶಿಣ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ. ಒಳ್ಳೆಯ ಮನುಷ್ಯ. ಹೆಸರು ಹಚ್ಚಿ ವರ್ಷಗಟ್ಟಲೆ ಕಾದ ಮೇಲೆ ಅವರ ಸ್ಕೂಟರು ಬಂತು. ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂಡುತ್ತಿದ್ದ ಕಾಂಚನಾ ರಸ್ತೆಯ ಎಡಗಡೆಯನ್ನಷ್ಟೇ ನೋಡಿದಳು. ಎದುರಿಗೆ ಇದ್ದದ್ದು ಗಂಡನ ಬೆನ್ನು. ಆಮೇಲೆ ಕಾಲ ಬದಲಾಯಿತು. ಓಣಿಗೊಂದು ಎಸ್.ಟಿ.ಡಿ. ಬೂತು ಬಂತು, ಎಕ್ಸ್‌ಚೇಂಜಿನ ಹಲಗೆ ಬಿಚ್ಚಿ ಒಯ್ದರು, ಅವಳನ್ನು ಬಿಲ್ಲಿನ ಕಿಟಕಿಗೆ ಕೂಡಿಸಿದರು. ಸಾಂಗಲಿ ಮಿರಜದ ನಡುವಿನ ಹೊಲಗಳೆಲ್ಲ ಪ್ಲಾಟುಗಳಾದವು. ಹೆಂಗಸರು ಮೊಪೆಡ್ ನಡೆಸತೊಡಗಿದಾಗ ಕಾಂಚನಾಳೂ ಒಂದು ಕೊಂಡಳು. ಒಂದು ರವಿವಾರ ಯಾರಿಗೂ ಹೇಳದೆ ಮಾಲಗಾವದ ಆಚೆ ಹೋಗಿ ಮಡ್ಡಿ ಹತ್ತಿಸಲು ನೋಡಿದಳು. ಗೊರಚಿನ ಸಣ್ಣ ಕಲ್ಲುಗಳ ಮೇಲೆ ಸಣ್ಣ ಗಾಲಿ ಜಾರಿತು. ಬಿದ್ದ ಬಲಮೊಣಕಾಲು ಮತ್ತೆ ಸರಿಯಾಗಲಿಲ್ಲ. ಅದರ ಭಾರ ಹೊತ್ತು ಹೊತ್ತು ಎಡಗಾಲೂ ಕೆಟ್ಟಿತು. ಮನೆಯಲ್ಲಿ ಹೇಳಿದ್ದು, ಸ್ಟೇಶನ್ ರೋಡಿನಲ್ಲಿ ಬಿದ್ದೆ ಅಂತ.

ಈಗ, ಚಹದ ಕಪ್ಪಿನ ಮುಂದೆ, ಮೊದಲ ಸಲ ಗಂಡನಿಗೆ ಎಲ್ಲ ಹೇಳಿದಳು. ಗುರುಪಾದ ಪೇಪರು ಮಡಚಿಟ್ಟು, "ಇಷ್ಟ ವರ್ಷ ಯಾಕ ಹೇಳಲಿಲ್ಲ?" ಎಂದ.

"ಹೇಳಿದ್ರ ಬಸ್ಸಿನಾಗ ಕರಕೊಂಡ ಹೋಗ್ತಿದ್ರಿ."

ಅವನು ನಕ್ಕ. ಅದು ನಿಜವಿತ್ತು.

ಗಾಡಿ ನೋಡುವುದು ಶುರುವಾಯಿತು. ಮೊದಲು ಆ ರಿಸಾರ್ಟಿಗೇ ಹೋದರು. ಹಳೆಯವನ್ನು ತೆಗೆದುಹಾಕುವವರಿದ್ದರು. ಕೆಂಪು ಬಣ್ಣ, ಚೂಪು ಮೂತಿ, ನೋಡಲು ಚೆಂದ. ಆದರೆ ಅವು ಓಟದ ಜಾತಿಯವು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಹಿಂದಕ್ಕೆ ಹೋಗುವ ಗೇರಿಲ್ಲ, ಸಾವಕಾಶ ನಡೆಸಿದರೆ ಕೆಮ್ಮುತ್ತ ಬಂದಾಗುತ್ತಿದ್ದವು. ಕಲ್ಲಿನ ಇಳಿಜಾರಿನಲ್ಲಿ ಬೇಕಾದದ್ದು ಓಟವಲ್ಲ, ಬ್ರೇಕಿನ ಹಂಗಿಲ್ಲದೆ ಎಂಜಿನ್ನೇ ತಡೆಹಿಡಿದು ಇಳಿಸುವ ತಾಳ್ಮೆ. ಅದು ಹೊಲಗೆಲಸದ ಗಾಡಿಗಳಿಗಿರುತ್ತದೆ ಎಂದು ಅಲ್ಲಿಯ ಮ್ಯಾನೇಜರನೇ ಹೇಳಿದ.

ಆಮೇಲೆ ಕೊಲ್ಹಾಪುರದ ಒಂದು ಯಾರ್ಡು. ಅಲ್ಲಿ ಹೊಲಗೆಲಸದ್ದೇ ಒಂದು ಹಸಿರು ಗಾಡಿ ತೊಳೆದು ಮಿರಿಮಿರಿ ಮಿಂಚಿಸಿ ನಿಲ್ಲಿಸಿದ್ದರು. ಮುಂದೆ ಹಿಂದೆ ಸಾಮಾನು ಕಟ್ಟುವ ಕಂಬಿಯ ಕ್ಯಾರಿಯರು. ಕಾಂಚನಾಳ ಕಣ್ಣುಗಳು ಅದರ ಮೇಲೆ ನಿಂತುಬಿಟ್ಟವು. ಗುರುಪಾದ ಮಾತ್ರ ಹತ್ತಿರ ಹೋಗಿ ಎಂಜಿನ್ನಿನ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದ.

"ಕಾಯ್ದೈತಿ," ಎಂದ ಮೆಲ್ಲಗೆ. "ನಾವು ಬರೂದಕ್ಕ ಮೊದಲs ಚಾಲೂ ಮಾಡಿ ಇಟ್ಟಾರ. ತಣ್ಣಗಿದ್ದಾಗ ಎದ್ದೇಳೂದಿಲ್ಲ ಇದು."

ಬಗ್ಗಿ ಕೆಳಗೆ ನೋಡಿದ. ಹೊಟ್ಟೆಯ ತಗಡಿನ ಹಿಂದೆ ಹೊಸ ಬೆಸುಗೆ, ಮೇಲೆ ಹಸಿ ಬಣ್ಣ. "ಹುಳುಕ ಅರಿಶಿಣಕ್ಕ ಹಳದಿ ಪುಡಿ ಹಚ್ಚಿ ಪಾಲಿಶ್ ಮಾಡಿದ್ಹಂಗ. ನಡೀ ಹೋಗೂಣು."

ಬಸ್ಸಿನಲ್ಲಿ ಕಾಂಚನಾ ಕಿಟಕಿಗೆ ಮುಖ ಮಾಡಿ ಕೂತಳು. ಮೋಸದ ಗಾಡಿ ಎಂದು ಬುದ್ಧಿಗೆ ತಿಳಿದಿತ್ತು. ಆದರೂ ಆ ಹಸಿರು ಬಣ್ಣ ಕಣ್ಣಿನಿಂದ ಹೋಗಲಿಲ್ಲ. ಇನ್ನೊಂದು ಸಿಗದಿದ್ದರೆ? ಅವರ ಕೈಲಿದ್ದದ್ದು ಹಳೆಯ ಸಣ್ಣ ಕಾರು ಬರುವಷ್ಟು ಹಣ. ಈ ಭಾಗದಲ್ಲಿ ಅಂಥ ಗಾಡಿ ಇದ್ದವರು ಬೆರಳೆಣಿಕೆಯವರು.

ಮಳೆಗಾಲ ಕಳೆದ ಮೇಲೆ ಕಸಬೆ ಡಿಗ್ರಜದಿಂದ ಸುದ್ದಿ ಬಂತು. ವೃಷಭ ಎಂಬ ಜೈನರ ಹುಡುಗ, ಕೃಷ್ಣೆಯ ದಂಡೆಯ ರೈತ, ಹೊಳೆದಂಡೆಯ ದನದ ಕೊಟ್ಟಿಗೆಯಿಂದ ಹಾಲಿನ ಕ್ಯಾನು ಸಾಗಿಸಲು ಅಂಥದೊಂದು ಗಾಡಿ ಕೊಂಡಿದ್ದ. ಈಗ ಸಣ್ಣ ಟ್ರ್ಯಾಕ್ಟರ್ ಬಂದದ್ದರಿಂದ ಅದು ಮೂಲೆ ಸೇರಿತ್ತು. ಬೂದು ಬಣ್ಣ, ಎಲ್ಲ ಕಡೆ ಕೆಸರು, ಕ್ಯಾರಿಯರಿಗೆ ಹಾಲಿನ ವಾಸನೆ. ಗುರುಪಾದ ಎಂಜಿನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ವೃಷಭ ಬಟನ್ ಒತ್ತಿದ, ಎರಡನೆಯ ಸಲಕ್ಕೆ ಎದ್ದಿತು.

"ಮಾವಶಿ, ಖರೇ ಹೇಳ್ತೇನ್ರಿ," ಎಂದ ವೃಷಭ. "ಒಮ್ಮೆ ಕಾಲುವ್ಯಾಗ ಬಿದ್ದೈತಿ. ಎಂಜಿನ್ ಬಿಚ್ಚಿಸಿ ಎಲ್ಲಾ ಸ್ವಚ್ಛ ಮಾಡಿಸೇನಿ. ಬೆಲ್ಟ್ ಹಳೇದಾಗೈತಿ, ನೀವs ಹಾಕಿಸ್ಕೋಬೇಕು. ಪುಣೆದಿಂದ ತರಸಬೇಕಾಗ್ತೈತಿ. ಮುಂದಿನ ಎಡಗಾಲಿ ತುಸು ಅಲಗಾಡ್ತೈತಿ, ನೋಡ್ರಿ."

ಅವನ ಹೆಂಡತಿ ಸಾಯಲಿ ಅಂಗಳದಲ್ಲಿ ನಿಂತು ಕನ್ನಡದ ಮಾತನ್ನೆಲ್ಲ ತಿಳಿದುಕೊಂಡು ಮರಾಠಿಯಲ್ಲಿ ಗಂಡನನ್ನು ಬೈದಳು: ಮಾರಲು ನಿಂತವನು ಹೀಗೆ ತೂತೆಲ್ಲ ತೋರಿಸಿದರೆ ಯಾರು ಕೊಳ್ಳುತ್ತಾರೆ? ಕಾಂಚನಾ ನಕ್ಕು, ತಾನೂ ಮರಾಠಿಯಲ್ಲೇ, "ನಾನು ಕೊಳ್ಳುತ್ತೇನೆ ಮಗಳೇ," ಎಂದಳು.

ಆದರೆ ಮೊದಲು ನಡೆಸಿ ನೋಡಬೇಕಿತ್ತು. ಅದಕ್ಕೆಂದೇ ಹೊಲಿಸಿದ್ದ ಪಂಜಾಬಿ ಡ್ರೆಸ್ಸು ತೊಟ್ಟು ಬಂದಿದ್ದಳು, ಜೀವನದಲ್ಲಿ ಮೊದಲ ಸಲ. ಕಾಲಿಡುವ ಜಾಗ ಅಗಲವಾಗಿತ್ತು. ವೃಷಭ ಒಂದು ಇಟ್ಟಿಗೆ ತಂದಿಟ್ಟ, ಗುರುಪಾದ ಹೆಗಲು ಕೊಟ್ಟ, ಅವಳು ಹತ್ತಿ ಕೂತಳು. ಕಬ್ಬಿನ ಬದುವಿನ ಮೇಲೆ ಹೊಳೆಯ ಕಡೆಗೆ ಹೊರಟಳು. ಸಣ್ಣ ಗೇರಿನಲ್ಲಿ ಗಾಡಿ ಎಮ್ಮೆಯಂತೆ ಸಮಾಧಾನದಿಂದ ನಡೆಯಿತು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ನೀರು, ಆಚೆ ದಂಡೆಯ ಮರಗಳು, ಒಂದು ಬೆಳ್ಳಕ್ಕಿ. ಹೊಳೆಯ ದಂಡೆ ಚೆಂದವೇ ಇತ್ತು, ಆದರೆ ಅವಳು ನೋಡುತ್ತಿದ್ದದ್ದು ಹೊಳೆಯನ್ನಲ್ಲ. ತಿರುಗಿ ಬಂದು, "ಇದs ಇರ್ಲಿ," ಎಂದಳು.

ಕೊಂಡ ಮೇಲೆ ತಿಳಿದದ್ದು, ಅದನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ. ಅಂಥ ಗಾಡಿಗೆ ನಂಬರ್ ಪ್ಲೇಟು ಕೊಡುವುದಿಲ್ಲ. ಹೊಲವಿದ್ದವರು ಹೊಲದಲ್ಲಿ ನಡೆಸಿಕೊಳ್ಳಬೇಕು. ಗುರುಪಾದನ ಹಳೆಯ ಪರಿಚಯದ ಶಿದ್ರಾಮ, ಪೇಟೆಯಲ್ಲಿ ಸಣ್ಣ ಟೆಂಪೋ ನಡೆಸುವವನು, ತನ್ನ ಶೆಡ್ಡಿನಲ್ಲಿ ಅದನ್ನು ಇಟ್ಟುಕೊಂಡ. ಬೆಲ್ಟು ಬಂತು, ಗಾಲಿ ರಿಪೇರಿಯಾಯಿತು. ಒಂದು ರವಿವಾರ ಬೆಳಿಗ್ಗೆ ಎರಡು ಹಲಗೆ ಹಚ್ಚಿ ಗಾಡಿಯನ್ನು ಟೆಂಪೋಕ್ಕೆ ಹತ್ತಿಸಿ ಮೂವರೂ ಮಾಲಗಾವದ ಆಚೆ ಹೋದರು.

ದಾರಿ ಹತ್ತುವ ಜಾಗ ಹುಡುಕಲಿಕ್ಕೇ ಬಹಳ ಹೊತ್ತಾಯಿತು. ಹಿಂದೆ ದೊಡ್ಡ ಹುಣಸೆಮರ ಇದ್ದಲ್ಲಿ ಈಗ ಸಿಮೆಂಟಿನ ಕಮಾನು, ಕಮಾನಿನ ಮೇಲೆ ಕಾಲನಿಯ ಹೆಸರು. ಮನೆ ಒಂದೂ ಇರಲಿಲ್ಲ. ಬರೀ ಬಿಳಿ ಬಣ್ಣ ಬಳಿದ ಗಡಿಗಲ್ಲುಗಳು. ಕಾಂಚನಾ ಅವುಗಳ ನಡುವೆ ನಡೆಸಿಕೊಂಡು ಹೋದಳು. ಪ್ಲಾಟುಗಳು ಮುಗಿದವು, ಜಾಲಿಗಿಡ ಬಂದವು, ಗಾಲಿಯ ಕೆಳಗೆ ಗೊರಚು ಗರಗರ ಎಂದಿತು. ದೂರದಲ್ಲಿ ಮಡ್ಡಿಯ ಬೆನ್ನು ಕಂಡಿತು. ಅವಳು ಹೆಬ್ಬೆರಳನ್ನು ಇನ್ನಷ್ಟು ಒತ್ತಿದಳು.

ಆಗ ಕಾಲುವೆ ಬಂತು.

ಕೃಷ್ಣೆಯ ನೀರನ್ನು ಎತ್ತಿ ಮೂಡಣದ ಒಣ ಹಳ್ಳಿಗಳಿಗೆ ಒಯ್ಯುವ ಕಾಲುವೆ. ಅಗಲ, ಆಳ, ಎರಡೂ ಕಡೆ ಜಾರುವ ಕಾಂಕ್ರೀಟು. ನೀರು ಸದ್ದಿಲ್ಲದೆ ಹೋಗುತ್ತಿತ್ತು. ಅದು ಬಂದ ಮೇಲೆ ಎಷ್ಟೋ ಹೊಲ ಹಸಿರಾಗಿದ್ದವು. ಅದನ್ನು ಬೈಯುವ ಹಾಗಿರಲಿಲ್ಲ. ಆಚೆ ದಂಡೆಯಲ್ಲಿ ಅವಳ ದಾರಿ, ಸವೆದು ತಗ್ಗಾದ ತೆಳ್ಳನೆಯ ಗೆರೆ, ಹುಲ್ಲಿನ ನಡುವೆ ಮೇಲಕ್ಕೆ ಹತ್ತಿಹೋಗಿರುವುದು ಸ್ಪಷ್ಟ ಕಾಣುತ್ತಿತ್ತು.

ಗುರುಪಾದ ಹಿಂದಿನಿಂದ ಏದುತ್ತ ನಡೆದು ಬಂದ. ಅವನೂ ನೋಡಿದ.

"ರಸ್ತಾದ ಮ್ಯಾಲಿಂದ ಹೋಗೂಣು," ಎಂದ. "ಕಾಲುವಿ ದಾಟಾಕ ಪೂಲ ಐತಿ. ಟೆಂಪೋದಾಗ ಲಿಂಗನೂರು ಎಷ್ಟೊತ್ತಿನ ಮಾತು?"

"ನನಗ ಲಿಂಗನೂರು ಬೇಕಾಗಿಲ್ರಿ."

"ಮತ್ತೇನ ಬೇಕಾಗೈತಿ?"

ಅವಳು ಆಚೆ ದಂಡೆಗೆ ಕೈ ತೋರಿಸಿದಳು. ತೋರಿಸಿದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಇಳಿಯಿತು. ಗಾಡಿಯನ್ನು ಹಿಂದಕ್ಕೆ ತಿರುಗಿಸಿದಳು.

ಮುಂದಿನ ವಾರಗಳಲ್ಲಿ ಅವಳು ಗಾಡಿಯ ಹೆಸರೆತ್ತಲಿಲ್ಲ. ಅಡಿಗೆ ಮಾಡಿದಳು, ದೂರದ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಿದಳು, ಬಾಲ್ಕನಿಯಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತಳು. ಎದುರಿನ ಕಟ್ಟಡದ ಬಚ್ಚಲ ಪೈಪುಗಳಲ್ಲದೆ ಅಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಗುರುಪಾದ ಈ ಮಧ್ಯೆ ಆಗಾಗ ಶಿದ್ರಾಮನ ಜೊತೆ ಪೇಟೆಗೆ ಎಂದು ಹೋಗಿ ಸಂಜೆಗೆ ಬರುತ್ತಿದ್ದ. ಒಂದು ದಿನ ಬಂದವನ ಧೋತರಕ್ಕೆಲ್ಲ ಉತ್ತರಾಣಿಯ ಮುಳ್ಳು ಅಂಟಿತ್ತು.

"ಇದ್ಯಾವ ಪೇಟಿಗೆ ಹೋಗಿದ್ರಿ?" ಎಂದಳು.

"ಕಾಲುವಿ ದಂಡಿಗುಂಟ ಅಡ್ಡಾಡಿದೆ," ಎಂದ ಗುರುಪಾದ, ಮುಳ್ಳು ಕೀಳುತ್ತ. "ಹಳ್ಳ ಬಂದಲ್ಲೆ ಕಾಲುವಿ ನೆಲದಾಗಿಂದ ಹೊಕ್ಕು ಆಚೀಗೆ ಏಳ್ತೈತಿ. ಮ್ಯಾಲ ಮಣ್ಣೈತಿ. ದನಾ ದಾಟ್ತಾವ. ಆದ್ರ ಅಲ್ಲಿಗೆ ಮುಟ್ಟಬೇಕಂದ್ರ ಒಂದ ಮುದಿಕೀ ಹೊಲದಾಗ ಹಾಯಬೇಕು. ಕಾಡವ್ವ ಅಂತ. ಮೊದಲ ಆಗೂದಿಲ್ಲ ಅಂದ್ಲು. ಮೂರ್ನಾಲ್ಕ ಸಲ ಹೋದ ಮ್ಯಾಲ ಒಪ್ಪ್ಯಾಳ."

ಕಾಂಚನಾ ಅವನ ಪಕ್ಕ ಕೂತು, ತಾನೂ ಮುಳ್ಳು ಕೀಳತೊಡಗಿದಳು.

ಕಾಡವ್ವ ಎಪ್ಪತ್ತು ದಾಟಿದ ಒಣಕಲು ಹೆಂಗಸು. ಮುಳ್ಳಿನ ಬೇಲಿಯ ಬಾಗಿಲಲ್ಲಿ ನಿಂತು ಗಾಡಿಯನ್ನೂ, ಅದರ ಮೇಲಿನ ಡ್ರೆಸ್ಸಿನ ಹೆಂಗಸನ್ನೂ ಮೇಲಿಂದ ಕೆಳಗೆ ನೋಡಿದಳು. "ಜ್ವಾಳಾ ತುಳೀಬಾರ್ದು ನೋಡವಾ. ಬದುವಿಗುಂಟ ಹೋಗು. ಎಲ್ಲಿಯಾಕಿ ನೀ?"

"ಮಿರಜದಾಕಿ. ನಮ್ಮಪ್ಪ ಈ ಹಾದೀಲೆ ಅರಿವಿ ಮಾರಾಕ ಬರ್ತಿದ್ರು. ಕಲ್ಲಯ್ಯ ಅಂತ."

"ಅರಿವಿ ಅಯ್ಯ!" ಮುದುಕಿಯ ಮುಖ ಬಿಚ್ಚಿಕೊಂಡಿತು. "ನನ್ನ ಲಗ್ನದ ಸೀರಿ ಆತನs ಕೊಟ್ಟಿದ್ದ. ತಟ್ಟಿನ ಮುಂದ ಒಂದು ಹುಡುಗಿ ಕುಂಡ್ರತಿತ್ತು..." ಎಂದವಳು ನಿಲ್ಲಿಸಿ, ಕಾಂಚನಾಳ ಮುಖ ನೋಡಿ, "ನೀನs ಏನು?" ಎಂದಳು.

ಕಾಂಚನಾ ತಲೆಯಾಡಿಸಿದಳು.

"ನೀ ಬರೂದ ಬಿಟ್ಟಿ. ನಮ್ಮತ್ತಿ ಕೇಳಿದ್ಲು, ಮಗಳೆಲ್ಲಿ ಅಯ್ಯಾ ಅಂತ. ಏನೂ ಅನ್ನಲಿಲ್ಲ ಆತ. ಮುಂದ ತಟ್ಟಿನ ಮ್ಯಾಲ ಕುಂತದ್ದ ನಾ ನೋಡ್ಲೇ ಇಲ್ಲ. ಗಂಟ ಹಿಂದಕ್ಕ ಕಟ್ಟಿ, ಮುಂದಿನ ಜಾಗಾ ಖಾಲೀ ಬಿಟ್ಟು, ಹಗ್ಗಾ ಹಿಡಕೊಂಡ ನಡಕೋತನs ಬರ್ತಿದ್ದ. ಬಿಸಲಾಗ. ತಟ್ಟಿಗೆ ಕಾಲ ನೋವೇನು ಅಂತ ನಾವು ನಗತಿದ್ವಿ."

ಕಾಂಚನಾಳ ಕೈಗಳು ಹ್ಯಾಂಡಲಿನ ಮೇಲೆಯೇ ಇದ್ದವು. ಗುರುಪಾದ ಹತ್ತಿರ ಬಂದು, "ನಾ ಇಲ್ಲೇ ಕುಂಡ್ರತೇನಿ. ಅಜ್ಜಿ ಮಜ್ಜಿಗಿ ಕೊಡ್ತೇನಿ ಅಂದಾಳ. ನೀ ಹೋಗಿ ಬಾ," ಎಂದ.

ಬದುವಿನ ಗುಂಟ ಹೋದಳು, ಮಣ್ಣಿನ ದಾಟು ದಾಟಿದಳು, ದಾರಿಯ ಗೆರೆಗೆ ಗಾಲಿ ಹಚ್ಚಿದಳು. ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಬಟನ್ ಒತ್ತಿದಾಗ ಗಾಡಿ ಕಲ್ಲುಗಳನ್ನು ತಬ್ಬಿಕೊಳ್ಳುತ್ತ ಮೇಲೇರಿತು. ತಂಗಡಿ ಹೂ ಬಿಟ್ಟಿತ್ತು. ಮೇಲೆ ಬಯಲು ಹಾಗೇ ಇತ್ತು. ಗಾಳಿ ಓಢಣಿಯನ್ನು ಹಿಂದಕ್ಕೆಳೆಯಿತು. ಒಂದೆರಡು ಸಲ, ತಡೆಯಲಾರದೆ, ಅವಳು ಹಿಂದಿರುಗಿ ನೋಡಿದಳು. ಹಿಂದೆ ಗಾಲಿಯ ಎರಡು ಗುರುತು, ಧೂಳು. ನಡೆದು ಬರುವವರು ಯಾರೂ ಇರಲಿಲ್ಲ. ಅಳು ಬಂದದ್ದು ಅದಕ್ಕೆ ಅಲ್ಲ. ಇಷ್ಟು ವರ್ಷ ತಾನೊಬ್ಬಳೇ ಈ ದಾರಿಯನ್ನು ಹಂಬಲಿಸಿದೆ ಎಂದುಕೊಂಡಿದ್ದಳು.

ಮಡ್ಡಿಯ ತುದಿಯಲ್ಲಿ ನಿಲ್ಲಿಸಿದಳು. ಕೆಳಗೆ ಲಿಂಗನೂರು. ನೀರಿನ ಟಾಕಿ, ಮೊಬೈಲ್ ಟವರು, ದ್ರಾಕ್ಷಿಯ ತೋಟಗಳು. ಒಂದು ಬಸ್ಸು ಊರಿನಿಂದ ಹೊರಬೀಳುತ್ತಿತ್ತು. ಇಳಿದು ಹೋಗುವ ಮನಸ್ಸಾಗಲಿಲ್ಲ. ಬಿಸಿಲು ಸುಡುವವರೆಗೆ ಕೂತಿದ್ದು, ಬಂದ ದಾರಿಯಲ್ಲೇ ತಿರುಗಿದಳು.

ಎರಡು ಚಳಿಗಾಲ ಅವಳು ಆ ಮಡ್ಡಿಯ ಮೇಲೆ ಅಡ್ಡಾಡಿದಳು. ಕಾಡವ್ವನಿಗೆ ಪೇಟೆಯಿಂದ ಔಷಧ, ಎಲೆಯಡಿಕೆ ಒಯ್ಯುತ್ತಿದ್ದಳು. ಮೂರನೆಯ ವರ್ಷ ಯಾವುದೋ ಕಂಪನಿ ಸೋಲಾರ್ ಹಲಗೆ ಹಾಕಲು ಮಡ್ಡಿಯನ್ನು ಕೊಂಡು ಸುತ್ತಲೂ ತಂತಿ ಬಿಗಿಯಿತು. ಗಾಡಿಯನ್ನು ದ್ರಾಕ್ಷಿ ತೋಟದವರೊಬ್ಬರಿಗೆ ಕೊಟ್ಟುಬಿಟ್ಟರು. ಕೊಡುವಾಗ ಅದರ ತಪ್ಪುಗಳನ್ನೆಲ್ಲ ಕಾಂಚನಾ ತಾನೇ ಒಂದೊಂದಾಗಿ ಹೇಳಿದಳು. "ಜತ್ತದ ಕಡೆ ಇಂಥಾ ಮಡ್ಡಿ ಭಾಳ ಅದಾವ. ಹೋಗೂಣೇನು?" ಎಂದು ಗುರುಪಾದ ಕೇಳಿದ. "ಅದಾವ್ರಿ," ಎಂದಳು. ಹೋಗಲಿಲ್ಲ. ಆಮೇಲೆ ಮಿರಜದಲ್ಲಿ ಎರಡೂ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡಳು.

ಈಗ ಹೊಲ ಬಿಟ್ಟು ಲಿಂಗನೂರಿನಲ್ಲಿ ಮಗನ ಮನೆ ಸೇರಿರುವ ಕಾಡವ್ವನನ್ನು ನೋಡಲು ತಿಂಗಳಿಗೊಮ್ಮೆ ಆ ಊರಿನ ಬಸ್ಸು ಹತ್ತುತ್ತಾಳೆ. ಕಾಲುವೆಯ ಸೇತುವೆ ದಾಟಿದ ಮೇಲೆ ಒಂದು ತಿರುವಿನಲ್ಲಿ, ತಂತಿಯ ಬೇಲಿಯ ಆಚೆ, ಹಲಗೆಗಳು ಮುಟ್ಟದ ಒಂದು ತುಂಡು ದಾರಿ ಕಾಣಿಸುತ್ತದೆ. ಅಲ್ಲಿ ಕಾಂಚನಾ ಕಂಬಿ ಹಿಡಿದು ಎದ್ದು ನಿಲ್ಲುತ್ತಾಳೆ. ಹೊಸ ಕಂಡಕ್ಟರುಗಳು ಊರು ಬಂತೆಂದು ಇಳಿಯಲು ಎದ್ದಳೆಂದು ತಿಳಿದು, ಇನ್ನೂ ದೂರ ಇದೆ, ಕೂಡ್ರಿ ಆಜಿ, ಎಂದು ಮರಾಠಿಯಲ್ಲಿ ಹೇಳುತ್ತಾರೆ. ಹಳಬರು ಏನೂ ಅನ್ನುವುದಿಲ್ಲ.